ಮಾಸ್ತರರು ಕೊಟ್ಟ ಸಲಹೆ

ಸತ್ತಿ ಊರಿನಾಚೆಯ ಒಂದು ತೋಟದ ಶಾಲೆಯಲ್ಲಿ ಮುರಗೆಪ್ಪ ಮಾಸ್ತರರು ಹಾಜರಿ ಕರೆದರೆ ಹೊಳೆದಂಡೆಯಲ್ಲಿ ಮೇಯುವ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ತಲೆ ಎತ್ತದವಳು ಒಬ್ಬಳೇ, ಎರಡನೇ ಇಯತ್ತೆಯ ಹೊಳೆವ್ವ, ಕುರಿ ಕಾಯುವ ಭರಮುನ ಮಗಳು. ಪಾಟಿಯನ್ನು ನೆಲಕ್ಕಿಟ್ಟು ಗರಗರ ತಿರುಗಿಸುತ್ತ ಕೂಡುವಳು. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಚೀರುವಳು. ಒಂದು ಮಾತಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಮಾಸ್ತರರು ಇದಕ್ಕೆ ಕಲಿತದ್ದು ಒಂದೇ ಹೆಸರು: ಹಟ. ಭರಮುನನ್ನು ಕರೆಸಿ ಗದರಿಸಿದ್ದರು.

"ಇದಕ್ಕ ಏನರ ಮಾಡಲೇ. ಇಲ್ಲಂದ್ರ ಹೆಸರ ಹೊಡದ ಹಾಕತೀನಿ."

ತೊಂಬತ್ತನಾಲ್ಕರ ಆ ಚಳಿಗಾಲದಲ್ಲೇ ಅಥಣಿಯಲ್ಲಿ ತರಬೇತಿ ಬಂತು. ಮಾಸ್ತರರು ಹೋದದ್ದು ಊಟಕ್ಕೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿದ್ದು ಸುಂದರಾ ಬಾಯಾರು ಎಂಬ ಆಪ್ತಸಲಹೆಗಾರ್ತಿಯ ಮಾತು. ಆಟಿಸಂ ಇರುವ ಮಕ್ಕಳ ಲಕ್ಷಣ ಹೇಳುತ್ತಿದ್ದರು. ಹೊಳೆವ್ವನನ್ನು ಕಂಡೇ ಬಂದಂತಿತ್ತು. ಮಾಸ್ತರರು ಎದ್ದು ತಮ್ಮ ದೊಡ್ಡ ದನಿಯಲ್ಲೇ ಅವಳ ಹಟದ ಕಥೆ ಹೇಳಿದರು.

"ಅದು ಹಟ ಅಲ್ರಿ ಸರ. ನಿಮ್ಮ ದನಿ ಆ ಕೂಸಿಗೆ ಹೊಡತ ಬಿದ್ದಂಗ. ಮೊದಲ ಅವರ ಅವ್ವ-ಅಪ್ಪನ್ನ ನನ್ನ ಕಡೆ ಕರಕೊಂಡ ಬರ್ರಿ."

ಊರಿಗೆ ಬಂದು ಬಸ್ಸಿಳಿದಾಗ ಅಮಾಸೆಯ ಸಂಜೆ. ಎದುರು ಸಿಕ್ಕ ಭರಮುನ ನೆರೆಯವ ಮಲಕಾರಿ ಹಲ್ಲು ಕಿರಿದ. "ಸರ, ನಿಮ್ಮ ಮಾತ ಭರಮು ಭಾಳ ಮನಸಿಗೆ ಹಚ್ಕೊಂಡಾನ್ನೋಡ್ರಿ. ಇವತ್ತ ಹುಡಿಗಿಗೆ ಚುಟಿಗಿ ಹಾಕ್ತಾನ."

ಸೊರಗಿದ ಕುರಿಮರಿಗೆ ಕಾದ ಕುಡಗೋಲಿನ ತುದಿಯಿಂದ ಕೊಡುವ ಬರೆಯೇ ಚುಟಿಗಿ, ಭರಮುನ ಮನೆತನದ ಔಷಧ. ಮರಿಗಾದರೆ ಹೊಟ್ಟೆಗೆ. ಮಾತಾಡದ ಕೂಸಿಗಾದರೆ ಕಿವಿಯ ಹಿಂದೆ, ಅದೂ ಅಮಾಸೆಯ ದಿನವೇ.

ಮಾಸ್ತರರು ಓಡಿದರು, ಹೊಟ್ಟೆ ಎರಡು ಹೆಜ್ಜೆ ಮುಂದೆ. ಕುರಿದಡ್ಡಿಯಲ್ಲಿ ಸಗಣಿ ಕುಳ್ಳಿನ ಬೆಂಕಿ. ಅದರೊಳಗೆ ಕುಡಗೋಲು ಕೆಂಪಗಾಗಿತ್ತು. ಹೊಳೆವ್ವ ಅವ್ವ ಕೆಂಪವ್ವನ ತೊಡೆಯಲ್ಲಿ ಸಿಕ್ಕಿಕೊಂಡು ಬೆಂಕಿಯನ್ನೇ ನೋಡುತ್ತಿದ್ದಳು. ಕುರಿಗಳು ಯಾಕೋ ಗಪ್ಪಾಗಿದ್ದವು.

ಒದರಲು ಬಾಯಿ ತೆರೆದವರು, ಹೊಳೆವ್ವನ ಕೈ ಕಿವಿಗೆ ಹೋದದ್ದು ಕಂಡು ದನಿ ನುಂಗಿದರು. ಕುಕ್ಕರಗಾಲಿನಲ್ಲಿ ಕೂತು ಪಿಸುಗುಟ್ಟಿದರು. "ಭರಮಣ್ಣ, ನಂದ ತಪ್ಪಾತು. ಅಥಣ್ಯಾಗ ಒಬ್ರು ಬಾಯಾರು ಅದಾರ. ನಾಳೆ ಮೂವರೂ ನನ್ನ ಜೋಡಿ ಬರ್ರಿ."

"ಏನರ ಮಾಡಂದವರು ನೀವ ಅಲ್ರಿ?" ಎಂದ ಭರಮು. "ಹೋಗ್ಲಿ. ಆ ಬಾಯಾರು ಮಾತ ಬರಸ್ತಾರೇನು?"

ಹೂಂ ಅಂದರೆ ಸಾಕಿತ್ತು. ಆದರೆ ಬಾಯಾರು ಅಂಥ ಭರವಸೆ ಕೊಟ್ಟಿರಲಿಲ್ಲ. ಯಾವ ಪ್ರಶ್ನೆಗೂ ಅಲ್ಲೇ ಉತ್ತರ ಹೊಸೆದು ಕೊಡುತ್ತಿದ್ದ ಮಾಸ್ತರರು ತಡವರಿಸಿದರು. "ಗೊತ್ತಿಲ್ಲಪಾ."

ಭರಮು ಕುಡಗೋಲಿಗೆ ಕೈ ಚಾಚಿದ. ಕೆಂಪವ್ವ ಕೂಸನ್ನು ಅವಚಿಕೊಂಡು ಎದ್ದೇಬಿಟ್ಟಳು.

"ಮಾಸ್ತರಗ ಗೊತ್ತಿಲ್ಲಂದ್ರ ಕುಡಗೋಲಿಗೆ ಏನ ಗೊತ್ತೈತಿ? ನಾ ಅಥಣಿಗೆ ಹೊಕ್ಕೇನಿ."

ಭರಮು ಕುಡಗೋಲನ್ನು ಬೆಂಕಿಯಿಂದ ಎಳೆದ, ನೀರಿಗೆ ಅದ್ದಲಿಲ್ಲ.

"ಹೋಗಿ ಬರ್ರಿ. ಬರೂ ಅಮಾಸಿತನಕ ಸುಮ್ನಿರ್ತೀನಿ," ಎಂದು ಅದನ್ನು ಬೂದಿಯ ಪಕ್ಕದಲ್ಲೇ ನೆಲಕ್ಕೆ ಚುಚ್ಚಿ ನಿಲ್ಲಿಸಿದ.