ಹಗ್ಗ ಮುಟ್ಟಿದವರ ಪಾಲು

ಎರಡನೇ ಮಹಾಯುದ್ಧದ ಕಾಲ. ಮಳೆ ನಿಂತ ಹೊಸತು. ಬಂಡೆಯಿಂದ ಧುಮುಕುವ ಅಪ್ಸರಕೊಂಡದ ಅಬ್ಬಿ ನೋಡಲು ಹೊನ್ನಾವರದಲ್ಲಿ ತಾರಿ ದೋಣಿ ಹತ್ತಿ ಹೊಳೆ ದಾಟಿದ್ದೆ. ಆಚೆ ಕಡಲ ದಂಡೆಯಲ್ಲಿ ಊರಿಗೆ ಊರೇ ಹಗ್ಗ ಹಿಡಿದು ರಂಪಣಿಯೆಂಬ ದೊಡ್ಡ ಬಲೆ ಎಳೆಯುತ್ತಿತ್ತು. ಬಲೆಯ ಯಜಮಾನ ಮುದುಕ. ಮಾತಿಗೊಮ್ಮೆ ಅಂಗೈಯನ್ನು ಸೊಂಟಕ್ಕೆ ಒರೆಸಿಕೊಳ್ಳುವವ. ಸುಮ್ಮನೆ ನಿಂತವರಿಗೆಲ್ಲ ಅವನದು ಒಂದೇ ಕೂಗು: “ಹಗ್ಗ ಮುಟ್ಟಿದವ್ರಿಗೆ ಪಾಲು!”

ನಾನೂ ಹುರುಪಿನಿಂದ ಹಗ್ಗ ಹಿಡಿದೆ. ಅಂಗೈ ಸುಲಿಯಿತು.

ಬಲೆ ದಡ ಸೇರಿದ ಮೇಲೆ ಯಜಮಾನ ಬಂಗಡೆ ಮೀನನ್ನು ಗುಡ್ಡೆ ಗುಡ್ಡೆಯಾಗಿ ಹಂಚಿದ. ಒಂದು ಗುಡ್ಡೆ ನನ್ನ ಮುಂದೆಯೂ ಬಿತ್ತು.

“ನಾನು ಮೀನು ತಿನ್ನುವುದಿಲ್ಲ” ಎಂದೆ.

“ಎಂತ ಮಾಡೂದು ಈಗ?” ಅವನ ಮುಖ ಸಣ್ಣದಾಯಿತು. ಬೇರೆಯವರಿಗೆ ಕೊಟ್ಟುಬಿಡಿ ಎಂದರೂ ಒಪ್ಪಲಿಲ್ಲ. ನಾನು ಮೆಲ್ಲಗೆ ಅಬ್ಬಿಯತ್ತ ಜಾರಿಕೊಂಡೆ.

ಸಂಜೆ ತಾರಿಯ ಬಳಿ ಬಂದರೆ ಅವನು ಕಾದು ಕುಳಿತಿದ್ದ. ಪಕ್ಕದಲ್ಲಿ ನಾಲ್ಕು ತೆಂಗಿನಕಾಯಿ, ಒಂದು ಕುಂಬಳಕಾಯಿ. ನನ್ನ ಗುಡ್ಡೆಯನ್ನು ಯಾರದೋ ಮನೆಗೆ ಕೊಟ್ಟು ಬದಲಿಗೆ ತಂದದ್ದು.

“ಮೀನು ಬ್ಯಾಡ ಅಂದ್ರಿ, ಒಡೆಯಾ. ಪಾಲು ಬ್ಯಾಡ ಅನ್ನಲಿಲ್ಲ.”

ಕುಂಬಳಕಾಯಿಯನ್ನು ನನ್ನ ತೋಳಿಗಿಟ್ಟು, ಸುಲಿದ ಅಂಗೈಯನ್ನು ತಿರುಗಿಸಿ ನೋಡಿದ.

“ಕೊಬ್ರಿ ಎಣ್ಣೆ ಹಚ್ಚಿ. ನಾಳೆಗೆ ಗುಣ ಆತು. ಬೆಳಿಗ್ಗೆ ಬೇಗ ಬನ್ನಿ.”