ಬೆನ್ನುಡಿಯ ಮೇಲಿನ ಬಿಳಿ ಕಾಗದ

ಆ ಭಾನುವಾರ ನಸುಕಿನಲ್ಲೆದ್ದು ನಳದ ನೀರು ಹಿಡಿದೆ. ಅತ್ತೆಗೆ ಮುಖ ತೊಳೆಸಿ, ಮಗ್ಗಲು ಬದಲಿಸಿ, ಚಹಾ ಕುಡಿಸಿದೆ. ರೊಟ್ಟಿ ಬಡಿದೆ. ನಮ್ಮ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಉತ್ತರಪತ್ರಿಕೆ ತಿದ್ದಿದೆ. ಆಮೇಲೆ ಮೈದಾ ಹಿಟ್ಟಿನ ಅಂಟು ಕುದಿಸಿ, ಪಡಸಾಲೆಯ ಬಾಗಿಲು ಹಾಕಿಕೊಂಡು, ಬಸಲಿಂಗನ ಪುಸ್ತಕಗಳ ಹಿಂಬದಿಗೆ ಬಿಳಿ ಕಾಗದ ಹಚ್ಚತೊಡಗಿದೆ.

ಬಸಲಿಂಗ ನಗದ ಮನುಷ್ಯ. ಟಿ.ವಿ.ಯಲ್ಲಿ ನಾಡನ್ನೆಲ್ಲ ನಗಿಸುವಾಗಲೂ ಸತ್ತವರ ಮನೆಗೆ ಮಾತಾಡಿಸಲು ಬಂದವನ ಮುಖವೇ. ರಾಮದುರ್ಗದ ತಾಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಇಪ್ಪತ್ತು ವರ್ಷ ಮಂದಿಯ ಅರ್ಜಿ ಬರೆದ. ಕಟಕೋಳದಿಂದಲೋ ತೊರಗಲ್‌ನಿಂದಲೋ ಬಂದ ರೈತ ತನ್ನ ಗೋಳು ಹೇಳಿಕೊಂಡರೆ ಪೂರ್ತಿ ಕೇಳಿ, ಕನ್ನಡಕ ಒರೆಸಿ, "ಯಜಮಾನ್ರ, ನಾಕ ಸಾಲಿನಾಗ ಮುಗಸೂಣ್ರಿ. ಐದನೇ ಸಾಲಿಗೆ ಸಾಹೇಬ್ರು ಆಕಳಸ್ತಾರ" ಎನ್ನುತ್ತಿದ್ದ. ಇಂಥ ಮಾತುಗಳೇ ಅವನನ್ನು ಟಿ.ವಿ.ಯ ಹಾಸ್ಯ ಕಾರ್ಯಕ್ರಮಕ್ಕೆ ಒಯ್ದವು. ಹೆಸರು ಬಂದ ಮೇಲೂ ಶೂಟಿಂಗ್ ಮುಗಿಸಿ ಬಂದ ಮರುದಿನ ಮತ್ತೆ ಬೇವಿನ ಕೆಳಗೇ.

"ಇನ್ನರೆ ಇದನ್ನ ಬಿಡಬಾರದೇನೋ?" ಎಂದು ನಾನು ಕೇಳಿದರೆ, "ಬಾವಿ ಬಿಟ್ಟ ಹೋದ್ರ ಕೊಡಕ್ಕ ನೀರ ಎಲ್ಲಿಂದ ಬರಬೇಕ್ರಿ ಅಕ್ಕೋರ?" ಎಂದಿದ್ದ.

ಅವನ ಪುಸ್ತಕವೂ ಅರ್ಜಿಗಳದೇ. ಒಂದೇ ಬಸ್ ತಂಗುದಾಣವನ್ನು ಮೂರು ಚುನಾವಣೆಗೆ ಮೂರು ಸಲ ಉದ್ಘಾಟಿಸಿದಾಗ ಮೂರು ಸಲವೂ ಕತ್ತರಿಸಿಕೊಂಡ ರಿಬ್ಬನ್ನೇ ಸರ್ಕಾರಕ್ಕೆ ಬರೆದ ಅರ್ಜಿ ಅದರಲ್ಲಿತ್ತು: 'ಗಂಟು ಹಾಕಿ ಹಾಕಿ ನಾನೀಗ ಮೊಳದಷ್ಟೇ ಉಳಿದಿದ್ದೇನೆ. ದಯವಿಟ್ಟು ನಿವೃತ್ತಿ ಕೊಡಬೇಕು.' ಮೂರು ಸಲವೂ ಕತ್ತರಿ ಹಿಡಿದವರು ನಮ್ಮೂರ ಸಾವಕಾರರೆಂದು ಊರಿಗೆಲ್ಲ ಗೊತ್ತು. ತಾಲೂಕಿನ ರಾಜಕೀಯವೆಲ್ಲ ನಡೆಯುತ್ತಿದ್ದುದು ಆ ಸಾವಕಾರರ ಅಂಗಳದಲ್ಲೇ.

ಹಸ್ತಪ್ರತಿ ತಿದ್ದಿದವಳು ನಾನು. "ಬೆನ್ನುಡಿ ನೀವ ಬರೀಬೇಕ್ರಿ" ಎಂದಾಗ ಹಿಗ್ಗಿನಿಂದ ಬರೆದುಕೊಟ್ಟೆ. ಅವನ ಮನೆ ಸೋರುತ್ತಿದ್ದುದರಿಂದ ಅಚ್ಚಾಗಿ ಬಂದ ಮುನ್ನೂರು ಪ್ರತಿಗಳನ್ನು ನಮ್ಮ ಪಡಸಾಲೆಯಲ್ಲೇ ಇಟ್ಟಿದ್ದ. ಬಿಡುಗಡೆ ಬೈಲಹೊಂಗಲದಲ್ಲಿ ಎಂದು ನಿಗದಿಯಾಗಿತ್ತು.

ಅದಕ್ಕೆ ವಾರವಿರುವಾಗ ಸಾವಕಾರರ ಕಡೆಯವನೊಬ್ಬ ಬಂದ. ಪ್ರೆಸ್ಸಿನಿಂದಲೇ ಒಂದು ಪ್ರತಿ ಅವರ ಕೈ ಸೇರಿತ್ತು. ಕುರ್ಚಿಯ ತುದಿಯಲ್ಲಿ ಕೂತ. ನೀರು ಬೇಡವೆಂದ.

"ಅಕ್ಕೋರ, ಬೆನ್ನುಡಿ ಛಲೋ ಬರದೀರಿ. ಸಾವಕಾರ್ರು ಎರಡ ಸಲ ಓದಿಸಿ ಕೇಳಿದ್ರು."

ಒಳಕೋಣೆಯ ಕಡೆ ಕಣ್ಣು ಹಾಯಿಸಿದ.

"ನಿಮ್ಮ ಅತ್ತಿಯವರು ಹಾಸಿಗಿ ಹಿಡದಾರಂತ. ಇಂಥಾದ್ರಾಗ ಖಾನಾಪುರದ ಕಡಿ ವರ್ಗ ಆದ್ರ ತ್ರಾಸ ನೋಡ್ರಿ. ಪಟ್ಟಿ ಇನ್ನೂ ಬರಿಯಾಕ ಹತ್ತ್ಯಾರ."

ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಇಷ್ಟು ಹೇಳಿದರೆ ನನ್ನ ಹೆದರಿಕೆ ಯಾರಿಗೂ ತಿಳಿದೀತು. ಆದರೆ ಬಸಲಿಂಗನಿಗೆ ಒಂದು ಮಾತು ಹೇಳಬಹುದಿತ್ತಲ್ಲ? ಹೇಳಿದ್ದರೆ ಅವನು ಬೇಡವೆನ್ನುತ್ತಿರಲಿಲ್ಲ. ಅದು ಗೊತ್ತಿದ್ದೂ ಕಳ್ಳಿಯಂತೆ ಬಾಗಿಲು ಹಾಕಿಕೊಂಡು ಕೂತಿದ್ದೆ.

ನಲವತ್ತು ಪ್ರತಿ ಮುಗಿದಿರಬೇಕು, ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬಸಲಿಂಗ. ಬೆಂಗಳೂರಿನ ಬಸ್ಸಿಳಿದವನು ನೇರವಾಗಿ ಪುಸ್ತಕ ಒಯ್ಯಲು ಬಂದಿದ್ದ. ನನ್ನ ಎರಡೂ ಕೈ ಅಂಟಂಟು.

"ಅಚ್ಚಿನ ತಪ್ಪಿತ್ತಪಾ" ಎಂದೆ.

ಅವನು ಒಂದು ಪ್ರತಿ ತಿರುವಿ ನೋಡಿದ. ಹಸಿ ಕಾಗದದ ಕೆಳಗೆ ನನ್ನ ಹೆಸರು ಮಬ್ಬಾಗಿ ಕಾಣುತ್ತಿತ್ತು. ಕನ್ನಡಕ ತೆಗೆದು ಒರೆಸಿದ.

"ಹೌದ್ರಿ. ತಪ್ಪ ನಂದ. ಸರಕಾರಿ ಪಗಾರದವರ ಹೆಸರ ಕೇಳಬಾರದಾಗಿತ್ತು."

ಚೀಲ ಮೂಲೆಗಿಟ್ಟು ಎದುರಿಗೆ ಕೂತ. "ಅಂಟ ತೆಳ್ಳಗಾಗೇತಿ, ಬಿಸಲಿಗೆ ಬಿಚ್ಚತೈತ್ರಿ. ಕೊಡ್ರಿ ಇಲ್ಲೆ. ಇಪ್ಪತ್ತ ವರ್ಷ ಅರ್ಜಿಗೆ ಸ್ಟಾಂಪಿನ ತಿಕೀಟ ಅಂಟಿಸಿದ ಕೈ ಇದು."

ನಾಲ್ಕು ಮೂಲೆಗೆ ಅಂಟು ಮುಟ್ಟಿಸಿ, ಕಾಗದವಿಟ್ಟು, ಅಂಗೈಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಿದ್ದ. ಒಂದು ಸುಕ್ಕಿಲ್ಲ. ನಾನು ಸೊಟ್ಟಗೆ ಹಚ್ಚಿದ್ದನ್ನೂ ಬಿಚ್ಚಿ ಸರಿಮಾಡಿದ. ತಪ್ಪಾಯಿತು ಎನ್ನದೆ ನಾನು ಮುಂದಿನ ಪ್ರತಿ ಅವನತ್ತ ಸರಿಸಿದೆ.

ಬೈಲಹೊಂಗಲಕ್ಕೆ ನಾನು ಹೋಗಲಿಲ್ಲ. ಹಿಂದಿನ ಬಿಳಿ ಕಾಗದ ಯಾಕೆಂದು ಸಭೆಯಲ್ಲಿ ಯಾರೋ ಕೇಳಿದರಂತೆ. "ಓದಿದವರು ಬೈಗಳ ಬರಿಯಾಕ ಜಾಗಾ ಬಿಟ್ಟೇನ್ರಿ" ಎಂದನಂತೆ. ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಬೇವಿನ ಕೆಳಗಿನ ಅವನ ಜಾಗ ಮಾತ್ರ ಹೋಯಿತು. ಆ ತಿಂಗಳೇ ಸಾವಕಾರರು ಟೈಪ್‌ರೈಟರ್ ಎತ್ತಿಸಿದರು. ಆಮೇಲೆ ಅವನು ಟಿ.ವಿ.ಯಲ್ಲಿ ಬಂದರೆ ನಾನೆದ್ದು ಒಳಗೆ ಹೋಗುತ್ತಿದ್ದೆ. ಎರಡು ವರ್ಷಕ್ಕೆ ಎದೆನೋವಿನಿಂದ ತೀರಿಕೊಂಡ. ಅವನ ಹೆಂಡತಿಯ ಬಳಿ ಒಂದು ತಾಸು ಕೂತು ಬಂದೆ. ತಪ್ಪಾಯಿತೆಂದು ಅವಳಿಗೂ ಹೇಳಲಿಲ್ಲ.

ಅವನು ನಮ್ಮಲ್ಲಿ ಉಂಡದ್ದು ಆ ಭಾನುವಾರದ ಮಧ್ಯಾಹ್ನವೇ ಕೊನೆ. ಕೆಲಸ ಮುಗಿಸಿ, ಕೈ ತೊಳೆದು ಗಂಗಾಳದ ಮುಂದೆ ಕೂತಿದ್ದೆವು. ಒಳಗಿನ ಹಾಸಿಗೆಯಿಂದ ಅತ್ತೆ ಕೂಗಿದರು:

"ಏ ಟಿ.ವಿ. ಬಸಲಿಂಗಾ, ನನ್ನ ಸೊಸಿ ನಿನ್ನ ಪುಸ್ತಕದಾಗ ಏನೋ ಬರದಾಳಂತಲ್ಲೋ. ಓದಿ ಹೇಳ, ನನಗ ಕಣ್ಣ ಕಾಣೂದಿಲ್ಲ."

ಅವನು ಪುಸ್ತಕ ಮುಟ್ಟಲಿಲ್ಲ. ನಾವಿಬ್ಬರೂ ಕೂತು ಮುಚ್ಚಿದ ಆ ಬೆನ್ನುಡಿಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಹೇಳಿದ. ಕೊನೆಯ ಸಾಲನ್ನು ಸ್ವಲ್ಪ ನಿಧಾನವಾಗಿ: "ಬಸಲಿಂಗ ಹೆದರದೆ ಬರೆದಿದ್ದಾನೆ. ನೀವೂ ಹೆದರದೆ ಓದಿ."

"ಭಾಳ ಧೈರ್ಯದ ಹೆಣಮಗಳೋ ನನ್ನ ಸೊಸಿ" ಎಂದರು ಅತ್ತೆ.

"ಹೌದಬೇ ಯವ್ವಾ" ಎಂದ.

ಅವನು ಎರಡು ರೊಟ್ಟಿ, ಪುಂಡಿಪಲ್ಲೆ, ಮೊಸರು ಉಂಡ. ಅತ್ತೆಗೆ ಗಂಜಿ ಕುಡಿಸಿದೆ. ನನ್ನ ರೊಟ್ಟಿ ಮುರಿದದ್ದು ಮುರಿದ ಹಾಗೇ ಉಳಿಯಿತು. ಮೊದಲು ಅತ್ತೆ ಮಲಗಿದರು. ಆಮೇಲೆ ಅವನು, ಒಣಗಲು ಹರವಿದ್ದ ಪುಸ್ತಕಗಳ ನಡುವೆ ಇದ್ದಷ್ಟೇ ಜಾಗದಲ್ಲಿ, ಒಂದಕ್ಕೂ ಕಾಲು ತಾಗದ ಹಾಗೆ ಮುದುಡಿಕೊಂಡು.