ಹನ್ನೊಂದು ತಿಂಗಳು ಗ್ಯಾಸಿನ ಮಾತ್ರೆ

ಮೊದಲು ಕಂಡದ್ದು ಬೆಡ್‌ಶೀಟಿನ ಮೇಲೆ. ಅಂಗೈಯಗಲ ರಕ್ತ. ಮುಟ್ಟು ಮುಗಿದು ಹತ್ತು ದಿನವಾಗಿತ್ತು, ಇನ್ನೊಮ್ಮೆ ಆಗುವ ಹೊತ್ತಲ್ಲ. ಇವರು ದೋಹಾದಿಂದ ರಜೆಯಲ್ಲಿ ಬಂದು ನಾಲ್ಕು ದಿನವಾಗಿತ್ತಷ್ಟೆ. ನನಗಿಂತ ಹೆಚ್ಚು ಹೆದರಿದವರು ಇವರೇ.

"ನಾನು ಎಂತ ಮಾಡಿದೆ ಮಾರಾಯ್ತಿ?" ಎಂದರು.

ಎಂತ ಮಾಡುವುದು? ವರ್ಷಕ್ಕೊಮ್ಮೆ ಊರಿಗೆ ಬರುವ ಗಂಡ ಮಾಡುವುದನ್ನೇ ಮಾಡಿದ್ದರು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಉಳಿದ ರಜೆಯೆಲ್ಲ ನಾವಿಬ್ಬರೂ ಮಂಚದ ಆ ತುದಿ, ಈ ತುದಿ. ಹೊರಡುವಾಗ "ಡಾಕ್ಟರಿಗೆ ತೋರಿಸು, ಸತೀಶ ಉಂಟಲ್ಲ" ಎಂದು ಹೇಳಿ ಹೋದರು. ಸತೀಶ ಇವರ ತಮ್ಮ. ಪಕ್ಕದ ಮನೆಯಲ್ಲೇ ಇದ್ದಾನೆ, ಪಿಕಪ್ ಓಡಿಸುತ್ತಾನೆ.

ನಮ್ಮದು ಬೆಳ್ಳೂರು, ಗಡಿಯಿಂದಾಚೆ ಮಲಯಾಳದ ರಾಜ್ಯಕ್ಕೆ ಸೇರಿದ ಊರು; ಆಸ್ಪತ್ರೆಯಲ್ಲಿ ಎಲ್ಲ ಮಲಯಾಳವೇ. ನಾನು ಮನೆಯಲ್ಲೇ ರವಿಕೆ, ಚೂಡಿದಾರ ಹೊಲಿಯುತ್ತೇನೆ. ಮನೆಮಾತು ತುಳು, ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ. ಮಲಯಾಳ ಬರುವುದೇ ಇಲ್ಲ ಎಂದರೆ ಸುಳ್ಳಾದೀತು. ಮೀನಿಗೆ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಸೀಟಿಗೆ ಜಗಳ ಮಾಡುವಷ್ಟು ಬರುತ್ತದೆ. ಸೊಂಟದ ಕೆಳಗಿನ ಮಲಯಾಳ ಮಾತ್ರ ಬರುವುದಿಲ್ಲ. ನಿಜ ಹೇಳಬೇಕೆಂದರೆ ಆ ಜಾಗದ ತುಳುವನ್ನೂ ನನಗೆ ಯಾರೂ ಕಲಿಸಿರಲಿಲ್ಲ.

ಆದ್ದರಿಂದ ನನ್ನ ಪರವಾಗಿ ಮಾತಾಡಲು ಸತೀಶ ಬಂದ. ಹೊರಡುವ ಮೊದಲು ಜಗಲಿಯಲ್ಲಿ ನಿಂತು, ನೆಲ ನೋಡಿಕೊಂಡು ಅವನಿಗೆ ಹೇಳಿದೆ. ಮುಟ್ಟಿನ ದಿನ ಅಲ್ಲದಿದ್ದರೂ ರಕ್ತ ಹೋಗುತ್ತದೆ, ಅಣ್ಣ ಬಂದಿದ್ದಾಗ ಶುರುವಾದದ್ದು. ಇಷ್ಟು ಹೇಳುವಷ್ಟರಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಅವನು ಬೈಕಿನ ಕೀಲಿಕೈ ನೋಡುತ್ತ "ಹೇಳ್ತೇನೆ ಅತ್ತಿಗೆ" ಎಂದ.

ಸರಕಾರಿ ಆಸ್ಪತ್ರೆಯಲ್ಲಿ ಸ್ತ್ರೀರೋಗದ ಓಪಿಯೊಳಗೆ, ಎಂದರೆ ಹೊರರೋಗಿಗಳನ್ನು ನೋಡುವ ಕೋಣೆಗೆ, ಗಂಡಸರನ್ನು ಬಿಡುವುದಿಲ್ಲ. ಅವನು ಬಾರದಿದ್ದರೆ ನನಗೆ ಮಾತಿಲ್ಲ. ಹಾಗಾಗಿ ಜನರಲ್ ಓಪಿಗೆ ಚೀಟಿ ಮಾಡಿಸಿದ. ಡಾಕ್ಟರು ತೆಂಕಣ ಕಡೆಯವರು, ಮಲಯಾಳ ಮಾತ್ರ ಗೊತ್ತು, ಮಾತೂ ಬಹಳ ಜೋರು; ನನಗೆ ಹಿಡಿಯಲಾಗಲಿಲ್ಲ. ಇಬ್ಬರೂ ಏನೋ ಮಾತಾಡಿಕೊಂಡರು. ನಡುವೆ 'ವಯರ್' ಎಂದದ್ದು ಕೇಳಿತು. ಹೊಟ್ಟೆ ಎಂದು ಮರ್ಯಾದೆಗೆ ಹೇಳಿರಬೇಕು, ಡಾಕ್ಟರಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಮಾತ್ರೆ ಕೊಟ್ಟರು.

ಮಾತ್ರೆ ಮುಗಿದಾಗಲೆಲ್ಲ ಮತ್ತೆ ಹೋದೆವು. ಒಟ್ಟು ನಾಲ್ಕು ಸಲ. ಪ್ರತಿಸಲವೂ ಅದೇ ಓಪಿ, ಅದೇ ಮಾತ್ರೆ. ಅಷ್ಟರಲ್ಲಿ ಹೊಲಿಗೆ ಮೆಷಿನ್ ತುಳಿದ ದಿನವೂ ರಕ್ತ ಕಾಣತೊಡಗಿತು. ಬಿಳಿ ಹೋಗುವುದಕ್ಕೆ ಕೆಟ್ಟ ವಾಸನೆ. ಅಳತೆ ಕೊಡಲು ಬಂದವರ ಹತ್ತಿರ ನಿಲ್ಲಲು ನಾಚಿಕೆಯಾಗಿ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದೆ. ಮಾತ್ರೆ ಹಿಡಿಯಲು ಸಮಯ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ತಾಳ್ಮೆ ನನ್ನದು! ಈಗ ನೆನೆಸಿದರೆ ಆ ತಾಳ್ಮೆಯ ಮೇಲೆಯೇ ಸಿಟ್ಟು ಬರುತ್ತದೆ.

ಮಗಳ ಶಾಲೆಯ ಮಲಯಾಳ ಟೀಚರ್ ರವಿಕೆ ಹೊಲಿಸಲು ಬಂದವರು ಮೇಜಿನ ಮೇಲಿದ್ದ ಮಾತ್ರೆಯ ಹಾಳೆ ಎತ್ತಿ ನೋಡಿದರು. ಅವರ ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು.

"ನಿಮಗೆ ಗ್ಯಾಸ್ ಉಂಟಾ?"

"ಗ್ಯಾಸ್ ಅಲ್ಲ ಟೀಚರ್, ರಕ್ತ ಹೋಗ್ತದೆ."

"ಇದು ಗ್ಯಾಸಿನ ಮಾತ್ರೆ."

ಓಪಿ ಚೀಟಿಗಳನ್ನು ತಂದುಕೊಟ್ಟೆ. ಒಂದೊಂದಾಗಿ ಓದಿದರು. ಹೊಟ್ಟೆನೋವು. ಹೊಟ್ಟೆಯುರಿ. ಹೊಟ್ಟೆನೋವು. ಮಲಬದ್ಧತೆ. ನಾಲ್ಕೂ ಚೀಟಿಯಲ್ಲಿ ರಕ್ತ ಎಂಬ ಮಾತೇ ಇರಲಿಲ್ಲ.

ಹನ್ನೊಂದು ತಿಂಗಳು ನಾನು ಗ್ಯಾಸಿನ ಮಾತ್ರೆ ನುಂಗಿದ್ದೆ.

ಟೀಚರ್ ತಾವೇ ಜೊತೆಗೆ ಬರುತ್ತೇನೆಂದರು. ಬೇಡ ಎಂದೆ. ಇನ್ನೊಬ್ಬರ ಬಾಯಿ ಸಾಕಾಗಿತ್ತು. "ಗಂಡನ ಜೊತೆ ಮಲಗಿದರೆ ರಕ್ತ ಬರ್ತದೆ ಅಂತ ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದು, ಅಷ್ಟು ಹೇಳಿಕೊಡಿ." ಟೀಚರ್ ಕೆಂಪಾದರು. ಬಾಗಿಲ ಕಡೆಗೊಮ್ಮೆ ನೋಡಿದರು. ಆಮೇಲೆ ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ಭರ್ತಾವಿಂಡೆ ಕೂಡೆ ಕಿಡನ್ನಾಲ್ ಚೋರ ವರುನ್ನು. ನಾನು ರವಿಕೆಯ ಅಳತೆ ಬರೆಯುವ ಪುಸ್ತಕದಲ್ಲಿ, ಅವರ ತೋಳಿನ ಅಳತೆಯ ಕೆಳಗೆ, ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ.

ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದ ಅಜ್ಜಿ ದೇವರ ನಾಮ ಎಂದುಕೊಂಡಿರಬೇಕು, ಬಹಳ ಭಕ್ತಿಯಿಂದ ನನ್ನನ್ನು ನೋಡುತ್ತಿದ್ದರು.

ಸ್ತ್ರೀರೋಗದ ಓಪಿ. ಪರದೆ ಅರ್ಧ ಸರಿದಿತ್ತು. ಹೊರಗೆ ಬೆಂಚಿನ ತುಂಬ ಹೆಂಗಸರು. ಹೆದರಿಕೆಗೋ ಏನೋ ನನ್ನ ಸ್ವರ ಬೇಕಾದ್ದಕ್ಕಿಂತ ದೊಡ್ಡದಾಯಿತು. ಇಡೀ ವಾಕ್ಯ ಹೇಳಿದೆ. ಹೊರಗಿನ ಮಾತುಕತೆ ಒಮ್ಮೆಲೇ ನಿಂತಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಎಷ್ಟು ಸಮಯವಾಯಿತು ಎಂದು ಕೇಳಿದರು. ಲೆಕ್ಕದ ಮಲಯಾಳ ನನಗೆ ಬರುತ್ತದೆ.

"ಪದಿನೊನ್ನು ಮಾಸಂ." ಹನ್ನೊಂದು ತಿಂಗಳು.

ಅಲ್ಲೇ ಪರೀಕ್ಷೆ ಮಾಡಿದರು. ಬಯಾಪ್ಸಿ ಎಂದು ಚೂರು ತೆಗೆದರು. ಹತ್ತು ದಿನ ಬಿಟ್ಟು ರಿಪೋರ್ಟು ಬಂತು.

ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸ್ಟೇಜ್ ಒನ್.

ಸ್ಟೇಜ್ ಒನ್ ಎಂದರೆ ಒಳ್ಳೆಯ ಸುದ್ದಿ ಎಂದು ಎಲ್ಲರೂ ಹೇಳಿದರು. ಗರ್ಭಕೋಶ ತೆಗೆಯಬೇಕು ಎಂದರು ಡಾಕ್ಟರಮ್ಮ. ಒಂದು ವರ್ಷ ಮೊದಲೇ ಹೇಳಿಕೊಂಡಿದ್ದರೆ ಅದು ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಾಗದು ಎಂದರು. ಆ ಹೇಳಲಾಗದು ಎಂಬುದನ್ನು ಹೊತ್ತುಕೊಂಡೇ ನಾನು ಈಗಲೂ ತಿರುಗುತ್ತಿದ್ದೇನೆ.

ಸಂಜೆ ಸತೀಶನನ್ನು ಕರೆದು ನಾಲ್ಕು ಚೀಟಿಯನ್ನೂ ಅವನ ಮುಂದಿಟ್ಟೆ. ಅವನು ಅಲ್ಲಗಳೆಯಲಿಲ್ಲ. "ಅಣ್ಣ ನಿಮ್ಮ ಜೊತೆ ಇದ್ದಾಗ ಹೀಗಾಯ್ತು ಅಂತ ನಾನು ಇನ್ನೊಬ್ಬ ಗಂಡಸಿನ ಹತ್ತಿರ ಹೇಗೆ ಹೇಳುವುದು ಅತ್ತಿಗೆ? ನೀವು ನನಗೆ ಅಮ್ಮನ ಹಾಗೆ" ಎಂದು ಅತ್ತ. ಹೊಟ್ಟೆಗೆ ಕೊಟ್ಟ ಮದ್ದು ಅಲ್ಲೇ ಕೆಳಗೂ ಇಳಿಯುತ್ತದೆ ಎಂದುಕೊಂಡಿದ್ದನಂತೆ. ಕೆಟ್ಟವನಲ್ಲ ಅವನು. ಎದುರಿಗೆ ಬಂದರೆ ನನ್ನ ಮುಖ ನೋಡಿ ಮಾತಾಡಿದವನಲ್ಲ. ಆ ಗೌರವದಿಂದಲೇ ನಾನು ಸತ್ತುಹೋಗುತ್ತಿದ್ದೆ ಎಂದು ಹೇಳಿದೆ. ಹೇಳಿದ್ದಕ್ಕೆ ನನಗೆ ಬೇಸರವಿಲ್ಲ.

ಮಂಗಳೂರಿಗೆ ಹೋಗು, ಅಲ್ಲಿ ತುಳುವಿನ ಡಾಕ್ಟರು ಸಿಗುತ್ತಾರೆ ಎಂದು ಊರೆಲ್ಲ ಹೇಳಿತು. ನನ್ನ ರೇಶನ್ ಕಾರ್ಡು, ವೋಟು, ಮಗಳ ಶಾಲೆ ಎಲ್ಲ ಇಲ್ಲಿ. ಮೈ ಮಾತ್ರ ಗಡಿ ದಾಟಬೇಕೆ? ಡಾಕ್ಟರಮ್ಮ ಬರೆದುಕೊಟ್ಟ ತೆಂಕಣ ದಿಕ್ಕಿನ ದೊಡ್ಡ ಆಸ್ಪತ್ರೆಗೇ ರೈಲು ಹತ್ತಿದೆ. ಜೊತೆಗೆ ಸತೀಶನನ್ನೇ ಕರೆದುಕೊಂಡು ಹೋದೆ. ಬೇಕೆಂದೇ.

ಆಪರೇಶನ್ನಿನ ಹಿಂದಿನ ದಿನ ನರ್ಸ್ ಒಪ್ಪಿಗೆ ಪತ್ರ ತಂದರು, ಮಲಯಾಳದ್ದು. ಗಂಡ ಎಲ್ಲಿ ಎಂದು ಕೇಳಿದರು. ಇವರು ದೋಹಾದಲ್ಲಿ, ರಜೆ ಸಿಕ್ಕಿರಲಿಲ್ಲ. ಸತೀಶ ಪೆನ್ನಿಗೆ ಕೈ ಚಾಚಿದ. ಪೆನ್ನು ನಾನು ತೆಗೆದುಕೊಂಡೆ.

"ಗರ್ಭಕೋಶ ನನ್ನದು, ಸಹಿಯೂ ನನ್ನದು. ಡಾಕ್ಟರನ್ನು ಕರೆಯಲಿಕ್ಕೆ ಹೇಳು. ಇದರಲ್ಲಿ ಎಂತ ಉಂಟೋ ಪೂರ್ತಿ ಹೇಳಬೇಕು. ಒಂದಕ್ಷರ ನುಂಗಿದರೆ ನಾನು ಊರಿಗೆ ವಾಪಸ್."

ಡಾಕ್ಟರು ಬಂದರು. ಅವರು ಮಲಯಾಳದಲ್ಲಿ ಹೇಳುತ್ತಾ ಹೋದರು, ಸತೀಶ ತುಳುವಿನಲ್ಲಿ. ಗರ್ಭಕೋಶ ತೆಗೆಯುತ್ತಾರೆ. ಅದರ ಬಾಯಿ ತೆಗೆಯುತ್ತಾರೆ. ಅಂಡಾಶಯ ಬಿಡುತ್ತಾರೆ. ಅಲ್ಲಿಗೆ ನಿಂತ. ಡಾಕ್ಟರು ಇನ್ನೂ ಏನೋ ಹೇಳಿದ್ದರು.

"ಮುಂದೆ?" ಎಂದೆ.

"ಕೆಳಗಿನ ದಾರಿಯೂ ಸ್ವಲ್ಪ ತೆಗೀತಾರಂತೆ ಅತ್ತಿಗೆ." ಅವನ ಅಂಗಿ ಬೆನ್ನಿಗಂಟಿತ್ತು.

"ಆಮೇಲೆ ಗಂಡನ ಜೊತೆ ಮಲಗಲಿಕ್ಕೆ ಆಗ್ತದಾ ಕೇಳು."

ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಡಾಕ್ಟರು ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸಾವಕಾಶ ಹೇಳಿದರು, ಸತೀಶ ಸಾವಕಾಶ ನನಗೆ ಹೇಳಿದ. ಆಗುತ್ತದೆ. ಮೂರು ತಿಂಗಳು ಕಾಯಬೇಕು. ಮೊದಲಿಗೆ ನೋವಿರಬಹುದು, ಅವಸರ ಮಾಡಬಾರದು. ಆಸೆ ಹೋಗುವುದಿಲ್ಲ.

ಆಸೆ ಎಂಬ ಮಾತನ್ನು ನನ್ನ ಮೈದುನ ನನ್ನ ಮುಖ ನೋಡಿ ಹೇಳಿದ. ನಾನು ಸಹಿ ಹಾಕಿದೆ.

ಎಚ್ಚರವಾದಾಗ ಹೊಟ್ಟೆಯಲ್ಲಿ ಬೆಂಕಿ. ಮೂತ್ರದ ನಳಿಗೆ ಎರಡು ವಾರ. ಅದು ತೆಗೆದ ಮೇಲೆ ಮೂತ್ರ ಬಂದದ್ದು ತಿಳಿಯುತ್ತಿರಲಿಲ್ಲ, ಗಡಿಯಾರ ನೋಡಿ ಹೋಗಬೇಕಿತ್ತು. ಮಗಳು ಗಡಿಯಾರ ನೋಡಿ ನೆನಪಿಸುತ್ತಿದ್ದಳು. ಎಂತ ಕಾಯಿಲೆ, ಎಲ್ಲಿ ಎಂದು ಅವಳು ಕೇಳಿದಳು. ಸರಿಯಾದ ಹೆಸರು ಹಿಡಿದೇ ಹೇಳಿದೆ. ಅವಳ ಕಿವಿಯೂ ಬಿಸಿಯಾಗಿರಬೇಕು, ಆದರೂ ಪೂರ್ತಿ ಕೇಳಿದಳು.

ಆರು ತಿಂಗಳ ಚೆಕಪ್ ಸರಿಯಾಗಿದೆ. ಐದು ವರ್ಷ ಕಳೆಯಲಿ ಎನ್ನುತ್ತಾರೆ, ಕಳೆಯಲಿ. ಬದುಕಿದ್ದೇನೆ, ಅದಕ್ಕೆ ಇಬ್ಬರು ಡಾಕ್ಟರಿಗೂ ಟೀಚರಿಗೂ ಕೈಮುಗಿಯುತ್ತೇನೆ. ಸತೀಶನನ್ನು ಕ್ಷಮಿಸಿದ್ದೇನೆ. ಅವನನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ಕ್ಷಮಿಸಿಲ್ಲ. ಆ ಬೆಂಚಿನಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಮೈದುನನ ಬಾಯಿಯಿಂದ, ಮಗನ ಬಾಯಿಯಿಂದ ಹೊಟ್ಟೆನೋವು ಎನ್ನಿಸಿಕೊಂಡು ಮನೆಗೆ ಹೋಗುತ್ತಿದ್ದಾರೋ!

ಹಾಗಾಗಿ ಕಳೆದ ವಾರ ಮೊದಲಿನ ಆಸ್ಪತ್ರೆಯ ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆ. ಹೆಂಗಸರ ಓಪಿಯಲ್ಲಿ ಕನ್ನಡ, ತುಳು ಗೊತ್ತಿರುವ ಹೆಂಗಸೊಬ್ಬರು ಇರಬೇಕು ಎಂದು ಬರೆದಿದ್ದೆ. ಕನ್ನಡದಲ್ಲೇ ಬರೆದಿದ್ದೆ. ಕ್ಲಾರ್ಕ್ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿ ವಾಪಸ್ ತಳ್ಳಿದರು. ಇದನ್ನು ಓದಿ ಹೇಳುವವರು ಇಲ್ಲಿ ಯಾರೂ ಇಲ್ಲ, ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು.

"ನನಗೂ ಯಾರೂ ಇರಲಿಲ್ಲ" ಎಂದೆ. "ನೀವೇ ಹುಡುಕಿ."

ಸೀಲು ಹೊಡೆದು ರಸೀದಿ ಕೊಡುವವರೆಗೆ ನಾನು ಕೌಂಟರಿನಿಂದ ಅಲುಗಲಿಲ್ಲ.